ತಪ್ಪು ಯಾರದು, ಹೊಣೆ ಯಾರದು?


*ಇಂದಿನ ಧಮ್ಮ ಚಿಂತನೆ*



ಒಂದು ವಸ್ತು ಒಡೆದಾಗ ಬಾಯಿಗೆ ಮೊದಲು ಬರುವ ಮಾತು "ಯಾರು ಒಡೆದದ್ದು?" ಅದರ ಹಿಂದೆಯೇ "ಇದಕ್ಕೆ ದುಡ್ಡು ಕೊಡುವವರು ಯಾರು?" ಎಂಬ ಮಾತು ಬರುತ್ತದೆ. ಮೊದಲನೆಯದು ತಪ್ಪಿನ ಪ್ರಶ್ನೆ, ಎರಡನೆಯದು ಹೊಣೆಯ ಪ್ರಶ್ನೆ. ಕನ್ನಡದಲ್ಲಿ ಇವು ಎರಡು ಬೇರೆ ಮಾತುಗಳು. ಕೋಪ ಬಂದ ಗಳಿಗೆಯಲ್ಲಿ ಮಾತ್ರ ಎರಡೂ ಒಂದೇ ಆಗಿಬಿಡುತ್ತವೆ. ಇವನ್ನು ಬೇರೆಯಾಗಿಯೇ ಇಟ್ಟುಕೊಳ್ಳಲು ಧಮ್ಮ ಹೇಗೆ ನೆರವಾಗುತ್ತದೆ ಎಂಬುದು ಇಂದಿನ ವಿಷಯ.

ಕಳೆದ ವರ್ಷ ಗುಂಡ್ಲುಪೇಟೆಯ ಅಕ್ಕನಿಗಾಗಿ ಮೊಬೈಲಿನಲ್ಲಿ ನೋಡಿ ಒಂದು ಹಳೆಯ ಸಿಂಗರ್ ಕೈ ಮಿಷನ್ ಕೊಂಡೆ. ಅಕ್ಕ ಹೊಲಿಗೆಯಿಂದಲೇ ಜೀವನ ಮಾಡುವವಳು. ಶಾಲೆಯ ಬ್ಯಾಗು, ದಪ್ಪ ಕ್ಯಾನ್ವಾಸು ಹೊಲಿಯಲು ಹಳೆಯ ಬೀಡು ಕಬ್ಬಿಣದ ಮಿಷನ್ನೇ ಬೇಕೆಂದು ಅವಳ ಹಟ. ಮಾರಿದವರು ಕೋಝಿಕ್ಕೋಡಿನವರು, ತೀರಿಕೊಂಡ ತಾಯಿಯ ಮಿಷನ್ ಅದು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿಹೋಗಿದೆ.

ಪಾರ್ಸೆಲ್ ಬಂದ ದಾರಿಯನ್ನೂ ನೋಡಿ. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು, ಸುಲ್ತಾನ್ ಬತ್ತೇರಿ, ಬಂಡೀಪುರದ ಕಾಡು. ಆ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಓಡುವಂತಿಲ್ಲ. ಗುಂಡ್ಲುಪೇಟೆಯಲ್ಲಿ ಅಕ್ಕನ ಬೀದಿಯ ಪಕ್ಕದಲ್ಲೇ ಹಾದು, ಮೈಸೂರಿಗೆ ಹೋಗಿ, ಅಲ್ಲಿ ಇಳಿದು, ಮತ್ತೊಂದು ಗಾಡಿ ಹತ್ತಿ, ಚಾಮರಾಜನಗರದ ನಮ್ಮ ಮನೆಗೆ ಬಂತು. ಮಿಷನ್ನಿನ ತೂಕ ಸುಮಾರು 15 ಕೆ.ಜಿ. ಎಷ್ಟು ಕೈ ಎತ್ತಿ ಇಳಿಸಿದವೋ ಲೆಕ್ಕವಿಲ್ಲ.

ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ತಂದ ಹುಡುಗನ ಎದುರಿಗೇ ಫೋಟೋ ತೆಗೆದು, ರಸೀತಿಯ ಮೇಲೆ 'ಪೆಟ್ಟಿಗೆ ಜಖಂ ಆಗಿತ್ತು' ಎಂದು ಬರೆದು ಸಹಿ ಹಾಕಿದೆ. ಒಳಗೆ ಮರದ ಮುಚ್ಚಳ ಚೂರಾಗಿತ್ತು, ದಾರದುಂಡೆ ನಿಲ್ಲಿಸುವ ಕಡ್ಡಿ ಬಾಗಿತ್ತು, ಮಿಷನ್ನಿನ ಹಿಂಬದಿಯಲ್ಲಿ ಕೀಲು ಕೂರುವ ಒಂದು ಮೂಲೆ ಮುರಿದಿತ್ತು.

ಬೀಡು ಕಬ್ಬಿಣ ಎಷ್ಟು ಗಟ್ಟಿಯೋ ಅಷ್ಟೇ ಪೆಳಸು. ಪೆಟ್ಟು ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ಹಳೆಯ ಮಿಷನ್ ಕಳಿಸುವಾಗ ತಲೆಭಾಗವನ್ನು ಮರದ ಪೀಠದಿಂದ ಬಿಚ್ಚಿ, ಚಕ್ರವನ್ನೂ ಕಡ್ಡಿಯನ್ನೂ ತೆಗೆದು, ಬೇರೆ ಬೇರೆ ಸುತ್ತಿ, ಒಂದು ಪೆಟ್ಟಿಗೆಯನ್ನು ಇನ್ನೊಂದರೊಳಗೆ ಇಟ್ಟು ಕಟ್ಟಬೇಕು. ಈ ಮಿಷನ್ ತನ್ನ ಮರದ ಮುಚ್ಚಳದೊಳಗೇ ಇತ್ತು. ಸುತ್ತಲೂ ತಾಯಿಯ ಹಳೆಯ ಸೀರೆಗಳನ್ನು ಮಡಿಸಿ ತುಂಬಿದ್ದರು. ಲಾರಿ ಕುಲುಕಿದಾಗಲೆಲ್ಲ ಒಳಗಿನ ಭಾರ ತನ್ನ ಮುಚ್ಚಳವನ್ನೇ ಗುದ್ದಿದೆ.

ಈಗ ತಪ್ಪು ಯಾರದು? ಕಟ್ಟಿದವರದೇ, ಎತ್ತಿ ಹಾಕಿದವರದೇ, ಗಾಡಿ ಓಡಿಸಿದವರದೇ, ಬಾಗಿಲಿಗೆ ತಂದವನದೇ?

ಮಿಲಿಂದ ರಾಜನಿಗೆ ನಾಗಸೇನ ಭಂತೆಯವರು ರಥದ ಬಗ್ಗೆ ಕೇಳಿದ್ದು ನಮಗೆಲ್ಲ ಗೊತ್ತು. ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ. ಎಲ್ಲ ಸೇರಿದ್ದಕ್ಕೆ ನಾವು ಇಟ್ಟ ಹೆಸರು ರಥ. ಒಡೆದ ಮಿಷನ್ನಿನ ಮುಂದೆ ಕೂತು ಇದೇ ಪ್ರಶ್ನೆಯನ್ನು 'ತಪ್ಪು' ಎಂಬ ಮಾತಿಗೆ ಹಾಕಿದೆ. ಸೀರೆ ತುಂಬಿದ ಕೈಯಲ್ಲಿ ತಪ್ಪು ಇದೆಯೇ? ಘಾಟಿಯ ತಿರುವಿನಲ್ಲಿ ಇದೆಯೇ? ಬೀಡು ಕಬ್ಬಿಣದ ಗುಣದಲ್ಲಿ ಇದೆಯೇ? ಇವೆಲ್ಲ ಕೂಡಿದಾಗ ಆ ಮೂಲೆ ಮುರಿಯಿತು. ಒಬ್ಬ ಅಪರಾಧಿಯನ್ನು ಹುಡುಕುವ ನನ್ನ ಆತುರ ಅಲ್ಲಿ ಸ್ವಲ್ಪ ತಣ್ಣಗಾಯಿತು.

ಚಕ್ಖುಪಾಲ ಥೇರರ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಕರೆದೊಯ್ಯುತ್ತದೆ. ಕಣ್ಣು ಕಾಣದ ಥೇರರು ನಡೆದಾಡಿದ ಜಾಗದಲ್ಲಿ ಹುಳುಗಳು ಸತ್ತಿದ್ದವು. ಉಳಿದ ಭಿಕ್ಖುಗಳು ದೂರು ಒಯ್ದರು. ಕೊಲ್ಲುವ ಚೇತನ ಅವರಲ್ಲಿರಲಿಲ್ಲ, ಆದ್ದರಿಂದ ದೋಷವಿಲ್ಲ ಎಂದು ಬುದ್ಧರು ತೀರ್ಮಾನಿಸಿದರು. ಭಗವಾನರ ದೃಷ್ಟಿಯಲ್ಲಿ ಕಮ್ಮ ಎಂದರೆ ಚೇತನ. ತಾಯಿಯ ಸೀರೆಗಳನ್ನೇ ಮಿಷನ್ನಿಗೆ ಸುತ್ತಿದ ಮಗನ ಚೇತನದಲ್ಲಿ ಮೋಸ ಎಲ್ಲಿತ್ತು? ಅಷ್ಟು ಪ್ರೀತಿಯಿಂದ ಕಟ್ಟಿದ್ದೇ ಮಿಷನ್ನಿಗೆ ಮುಳುವಾಯಿತು.

ಆದರೆ ಇಲ್ಲಿಗೇ ನಿಂತರೆ ಅಪಾಯವಿದೆ. "ಎಲ್ಲ ಹೇತು ಪ್ರತ್ಯಯ, ಯಾರದೂ ತಪ್ಪಲ್ಲ, ಬಿಟ್ಟುಬಿಡಿ" ಎನ್ನುವುದು ಸುಲಭ. ಹಾಗೆಂದರೆ ನಷ್ಟ ಅಕ್ಕನ ತಲೆಯ ಮೇಲೆಯೇ ಉಳಿಯುತ್ತದೆ. ಕಷ್ಟಪಟ್ಟು ದುಡಿಯುವವರ ಮೇಲೆ ನಷ್ಟ ಹೊರಿಸಿ, ಅದಕ್ಕೆ ಮೈತ್ರಿ ಎಂದು ಹೆಸರಿಟ್ಟರೆ ಅದು ಧಮ್ಮವಲ್ಲ. ಮಹಾಡದ ಚವದಾರ್ ಕೆರೆಯ ನೀರಿನ ಹಕ್ಕಿಗಾಗಿ 1927ರಲ್ಲಿ ಹೊರಟ ಬಾಬಾಸಾಹೇಬರು 1937ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ಬರುವವರೆಗೆ ಆ ಮೊಕದ್ದಮೆಯನ್ನು ಬಿಡಲಿಲ್ಲ. 1956ರಲ್ಲಿ ನಮಗೆ ಧಮ್ಮ ಕೊಟ್ಟವರೂ ಅವರೇ. ಆ ಹೋರಾಟದ ಪಕ್ಕದಲ್ಲಿ ನಮ್ಮ ಮಿಷನ್ನಿನ ತಕರಾರು ಏನೇನೂ ಅಲ್ಲ. ಆದರೂ ಹಕ್ಕು ಕೇಳುವುದಕ್ಕೂ ದ್ವೇಷಿಸುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ನಾವು ಕಲಿಯುವುದು ಅಲ್ಲಿಂದಲೇ.

ತಪ್ಪು ಬೇರೆ, ಹೊಣೆ ಬೇರೆ ಎಂಬುದು ಕಾನೂನಿಗೂ ಗೊತ್ತು. ಸರಕು ಸಾಗಿಸುವವರ ಬಗ್ಗೆ 1865ರಲ್ಲಿ ಬಂದ ಕಾಯ್ದೆಯಲ್ಲಿ, ವಸ್ತು ಹಾಳಾದರೆ ಸಾಗಿಸಿದವರ ಅಜಾಗರೂಕತೆಯನ್ನು ದೂರುದಾರ ಸಾಬೀತು ಮಾಡಬೇಕಿರಲಿಲ್ಲ. ಒಪ್ಪಿಕೊಂಡು ಒಯ್ದಿದ್ದೀರಿ, ಆದ್ದರಿಂದ ಉತ್ತರ ಕೊಡಿ ಎಂಬುದು ಅದರ ತಿರುಳು. ಅದರ ಜಾಗಕ್ಕೆ ಬಂದ 2007ರ ಕಾಯ್ದೆಯಲ್ಲಿ, ಹೆಚ್ಚಿನ ಬೆಲೆಯನ್ನು ಮೊದಲೇ ಬರೆಸದಿದ್ದರೆ ಪರಿಹಾರಕ್ಕೆ ಮಿತಿ ಇದೆ. ನಮ್ಮ ಪಾರ್ಸೆಲ್ಲಿನ ಚೀಟಿಯಲ್ಲಿ ಬೆಲೆ ಬರೆಸಿರಲಿಲ್ಲ.

ಪಾರ್ಸೆಲ್ ಕಚೇರಿಗೆ ಹೋದಾಗ ಅಲ್ಲಿದ್ದವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿದರು. "ಹುಡ್ಗ ಇಳ್ಸೋವಾಗ ಕೆಡವ್ದ ಅಂತ ಬರ್ದುಕೊಡಿ ಮೇಷ್ಟ್ರೇ. ಬೇಗ ಕೆಲ್ಸ ಆಯ್ತದ."

ಆ ಹುಡುಗ ಕೆಡವಿರಲಿಲ್ಲ. ಎರಡು ಕೈಯಲ್ಲಿ ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದ. ಒಂದು ಸಾಲು ಬರೆದರೆ ನನಗೆ ದುಡ್ಡು ಬರುತ್ತಿತ್ತು, ಅವನ ಸಂಬಳದಲ್ಲಿ ಮುರಿಯುತ್ತಿದ್ದರು, ಕೆಲಸವೇ ಹೋದರೂ ಹೋಗುತ್ತಿತ್ತು. ಹೊಣೆ ಕೇಳುವ ಅವಸರಕ್ಕೆ ತಪ್ಪನ್ನು ಕೈಗೆ ಸಿಕ್ಕವನ ಮೇಲೆ ಹಾಕುವುದು ಹೀಗೆ. ಅಂಥ ಸಾಲಿನಲ್ಲಿ ಯಾವಾಗಲೂ ಕೊನೆಯಲ್ಲಿ ನಿಂತಿರುವವನು, ಎಲ್ಲರಿಗಿಂತ ಕಡಿಮೆ ಸಂಬಳದವನು ಸಿಕ್ಕುತ್ತಾನೆ. ನಾಲ್ಕನೆಯ ಶೀಲ ಸುಳ್ಳಾಡುವುದರಿಂದ ದೂರವಿರುವುದು. ದಿನವೂ ಪಠಿಸುವಾಗ ಅದು ಹಗುರ. ಒಂದು ಅರ್ಜಿ, ಒಂದು ಪೆನ್ನು ಮುಂದಿದ್ದಾಗ ಅದರ ತೂಕ ತಿಳಿಯುತ್ತದೆ.

ಮಜ್ಝಿಮ ನಿಕಾಯದ ಕಕಚೂಪಮ ಸುತ್ತದಲ್ಲಿ ವೇದೇಹಿಕಾ ಎಂಬ ಗೃಹಿಣಿ ಬರುತ್ತಾಳೆ. ಶಾಂತ ಸ್ವಭಾವದವಳೆಂದು ಊರೆಲ್ಲ ಹೊಗಳುತ್ತಿತ್ತು. ಅವಳ ದಾಸಿ ಕಾಳಿ ಪರೀಕ್ಷೆ ಮಾಡಲೆಂದು ಬೇಕಂತಲೇ ತಡವಾಗಿ ಏಳತೊಡಗಿದಳು. ಕೊನೆಗೆ ಆ ಶಾಂತ ಯಜಮಾನಿ ಬಾಗಿಲ ಅಗುಳಿಯಿಂದ ದಾಸಿಯ ತಲೆಗೆ ಹೊಡೆದಳು. ನಷ್ಟವಾಗುವವರೆಗೆ ನಾವೆಲ್ಲರೂ ಶಾಂತರೇ. ಏಟು ಮಾತ್ರ ನಮ್ಮ ಕೈಕೆಳಗೆ ಇರುವವರಿಗೇ ಬೀಳುತ್ತದೆ.

ಸುಭಾಷಿತಕ್ಕೆ ಬುದ್ಧರು ಐದು ಲಕ್ಷಣ ಹೇಳಿದ್ದಾರೆ: ಸಕಾಲ, ಸತ್ಯ, ಮೃದು, ಹಿತ, ಮೈತ್ರಿಚಿತ್ತ. ದೂರಿನ ಪತ್ರಕ್ಕೂ ಇದೇ ಅಳತೆ. ಪಾರ್ಸೆಲ್ ಬಂದ ದಿನವೇ ಬರೆದೆ, ಅದು ಸಕಾಲ. ಕಂಡದ್ದನ್ನು ಮಾತ್ರ ಬರೆದೆ. ಯಾರು ಕೆಡವಿದರೆಂದು ಕಂಡಿರಲಿಲ್ಲ, ಅದನ್ನು ಬರೆಯಲಿಲ್ಲ. ಬೈಗುಳ ಇರಲಿಲ್ಲ. ಕೇಳುವುದನ್ನು ಸ್ಪಷ್ಟವಾಗಿ ಕೇಳಿದೆ: ರಿಪೇರಿಯ ಖರ್ಚು ಮತ್ತು ಬೆಲೆಯಲ್ಲಿ ಆದ ಇಳಿತ. ಮಾರಿದವರಿಗೆ ಫೋಟೋಗಳ ಜೊತೆಗೆ, ಮುಂದೆ ಇಂಥದನ್ನು ಕಳಿಸಿದರೆ ಹೇಗೆ ಕಟ್ಟಬೇಕೆಂದೂ ತಿಳಿಸಿದೆ.

ಸತ್ಯ ಬರೆದದ್ದಕ್ಕೆ ದುಡ್ಡು ಬೇಗ ಬಂತೆಂದು ಹೇಳಲಾರೆ. ಕಚೇರಿಯವರು ತಿಂಗಳುಗಟ್ಟಲೆ ಅಲೆಸಿ ಕೊಟ್ಟದ್ದು ಚಿಲ್ಲರೆ ಹಣ. ಮಾರಿದವರು ಎರಡು ದಿನ ಸುಮ್ಮನಿದ್ದು, ಆಮೇಲೆ ಅರ್ಧ ಬೆಲೆ ವಾಪಸ್ ಕಳಿಸಿದರು. ಅಕ್ಕನ ಲೆಕ್ಕ ಪೂರ್ತಿ ಸರಿಹೋಗಲಿಲ್ಲ. ತೆರಕಣಾಂಬಿ ದಾರಿಯ ಬಸ್ಸಿನಲ್ಲಿ ಮಿಷನ್ನನ್ನು ಗುಂಡ್ಲುಪೇಟೆಗೆ ಒಯ್ದೆವು. ಮುರಿದ ಮೂಲೆಗೆ ಹಿತ್ತಾಳೆಯ ಬೆಸುಗೆ ಹಾಕಿಸಿದ್ದಾಯಿತು. ಹೊಲಿಗೆ ಹಾಕುವ ಭಾಗಕ್ಕೆ ಏನೂ ಆಗಿರಲಿಲ್ಲ. ಈಗ ಅದರಲ್ಲಿ ಬ್ಯಾಗು ಹೊಲಿಯುತ್ತಾಳೆ. ಆ ಹುಡುಗ ಈಗಲೂ ನಮ್ಮ ಬೀದಿಗೆ ಪಾರ್ಸೆಲ್ ತರುತ್ತಾನೆ.

ತಪ್ಪು ಇನ್ನೊಬ್ಬರ ಮನಸ್ಸಿನೊಳಗಿನ ವಿಷಯ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ನಿಧಾನ ಇರಲಿ. ಹೊಣೆ ಎಲ್ಲರ ಎದುರಿಗೆ ಇರುವ ವಿಷಯ. ಅದನ್ನು ಸಂಕೋಚವಿಲ್ಲದೆ, ಸುಳ್ಳಿಲ್ಲದೆ ಕೇಳೋಣ. ಕ್ಷಮಿಸಿಯೂ ಕೇಳಬಹುದು, ಕೇಳಿಯೂ ಕ್ಷಮಿಸಬಹುದು.

*ಇಂದಿನ ಅಭ್ಯಾಸ:* ಇಂದು ಯಾರ ಮೇಲಾದರೂ ದೂರು ಹೇಳುವ ಮೊದಲು ಎರಡು ಸಾಲು ಬರೆದು ನೋಡಿ. ನಾನು ಕಣ್ಣಾರೆ ಕಂಡದ್ದು ಏನು? ನನಗೆ ಬರಬೇಕಾದ್ದು ಏನು? ಈ ಎರಡಕ್ಕೂ ಸೇರದ ಮಾತನ್ನು ಅಲ್ಲಿಗೇ ಬಿಡಿ.

ಎಲ್ಲರಿಗೂ ಮಂಗಳವಾಗಲಿ 🙏