ತ್ಯಾಗದ ಭಾರ ಯಾರ ಹೆಗಲಿಗೆ?

ನೆಲ, ಜಲ, ಅಗ್ನಿ, ವಾಯು, ವನಸ್ಪತಿಗಳಲ್ಲಿಯೂ ಏಕೇಂದ್ರಿಯ ಜೀವವನ್ನು ಕಂಡ ಧರ್ಮಕ್ಕೆ ಹವಾಮಾನದ ಕೆಡುಕು ಕೇವಲ ವಿಜ್ಞಾನಿಗಳ ಚರ್ಚೆಯಲ್ಲ. ಅದು ಹಿಂಸೆಯ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಸೀಮೆಗಳ ಮನೆ-ಹೊಲಗಳನ್ನು ಮುಳುಗಿಸಿದವು; 2021ರ ಜುಲೈನಲ್ಲಿ ಮತ್ತೆ ಉಕ್ಕಿದವು. ಒಂದು ನೆರೆಗೆ ಒಂದೇ ಕಾರಣ ಹೇಳಲಾಗದು. ಆದರೆ ಕಾದ ಗಾಳಿ ಹೆಚ್ಚು ನೀರಾವಿಯನ್ನು ಹೊರುತ್ತದೆ, ಅತಿವೃಷ್ಟಿಯ ಸಂಭವವನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ಹಾಗಾದರೆ ಇಂಧನದ ಬಳಕೆ ತಗ್ಗಬೇಕು. ತಗ್ಗಿಸಬೇಕಾದವರು ಯಾರು?

ಫ್ರಾನ್ಸ್ ದೇಶದ ಸರಕಾರ 2018ರಲ್ಲಿ ಸಿರಿವಂತರ ಆಸ್ತಿ ತೆರಿಗೆಯನ್ನು ಮೊಟಕುಗೊಳಿಸಿತು. ಅದೇ ಕಾಲಕ್ಕೆ ಪೆಟ್ರೋಲ್, ಡೀಸೆಲ್‌ಗಳ ಮೇಲಿನ ತೆರಿಗೆಯನ್ನು ಏರಿಸಹೊರಟಿತು. ಹಳ್ಳಿ-ಪಟ್ಟಣಗಳ ದುಡಿಯುವ ಜನ ಬೀದಿಗಿಳಿದರು. ಡಿಸೆಂಬರ್‌ನಲ್ಲಿ ಏರಿಕೆಯನ್ನು ಕೈಬಿಡಬೇಕಾಯಿತು. ಉದ್ದೇಶ ಒಳ್ಳೆಯದಿದ್ದರೂ ಲೆಕ್ಕ ಅನ್ಯಾಯದ್ದಾಗಿತ್ತು.

ಭಾರತದ ಒಂದು ಉದಾಹರಣೆ ಬೇರೆ ಪಾಠವನ್ನು ಕಲಿಸುತ್ತದೆ. ಅದು ಹವಾಮಾನಕ್ಕಾಗಿಯೇ ರೂಪುಗೊಂಡದ್ದಲ್ಲ. ಆದರೂ ಇಂಧನದ ನ್ಯಾಯ ಅದರಲ್ಲಿದೆ. 2015ರಲ್ಲಿ ಉಳ್ಳವರು ಅಡುಗೆ ಅನಿಲದ ಸಬ್ಸಿಡಿಯನ್ನು ಸ್ವಇಚ್ಛೆಯಿಂದ ಬಿಡಬೇಕೆಂಬ ಕರೆ ಬಂದಿತು. ಒಂದು ಕೋಟಿ ಕುಟುಂಬಗಳು ಬಿಟ್ಟವು. ಹತ್ತು ಲಕ್ಷ ರೂಪಾಯಿಗೂ ಮೀರಿದ ತೆರಿಗೆ ಆದಾಯದವರಿಗೆ 2016ರ ಜನವರಿಯಿಂದ ಸಬ್ಸಿಡಿ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಡ ಮಹಿಳೆಯರಿಗೆ ಅನಿಲ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಆರಂಭವಾಯಿತು. ಬಿಟ್ಟದ್ದು ಎಲ್ಲಿಗೆ ಹೋಗುತ್ತದೆಂದು ತಿಳಿದಾಗ ಜನ ಬಿಡಲು ಹಿಂಜರಿಯಲಿಲ್ಲ.

ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ಯೋಗ್ಯತೆಯನ್ನು ಅವಲಂಬಿಸಿದೆ ಎಂದು ಆಚಾರ್ಯರು ವಿಧಿಸಿದ್ದಾರೆ. ರಾಜನೀತಿಗೂ ಈ ಒರೆಗಲ್ಲು ಸಲ್ಲುತ್ತದೆ. ಉಜ್ವಲಾದಲ್ಲಿ ದಾತೃ, ಪಾತ್ರ ಸರಿಯಾಗಿದ್ದವು, ದ್ರವ್ಯ ಸಾಲದಾಯಿತು. ಸಂಪರ್ಕ ದೊರೆತರೂ ಸಿಲಿಂಡರ್ ತುಂಬಿಸುವ ಹಣವಿಲ್ಲದ ಮನೆಗಳು ಮತ್ತೆ ಸೌದೆಯ ಒಲೆಗೆ ಮರಳಿದವು. 2022ರಲ್ಲಿ ಸಿಲಿಂಡರ್‌ಗೆ 200 ರೂಪಾಯಿ, 2023ರಲ್ಲಿ 300 ರೂಪಾಯಿ ನೆರವು ಕೊಡಬೇಕಾದುದು ಈ ಕಾರಣಕ್ಕೆ.

ಹಗಲೆಲ್ಲ ಬೀಡಿ ಕಟ್ಟಿ ಸಂಜೆ ಹೊಗೆಯಲ್ಲಿ ರೊಟ್ಟಿ ಬಡಿಯುವ ನಿಪ್ಪಾಣಿಯ ತಾಯಿಗೆ ಮಿತವ್ಯಯವನ್ನು ಬೋಧಿಸುವುದು ಧರ್ಮವಲ್ಲ. ಆಕೆಯ ಬದುಕೇ ಮಿತಿಯೊಳಗಿದೆ. ಪರಿಗ್ರಹ ಪರಿಮಾಣ ವ್ರತ ಇರುವುದು ಪರಿಗ್ರಹ ಉಳ್ಳವನಿಗೆ. ಎರಡು ಕಾರು, ನಾಲ್ಕು ಏರ್‌ಕಂಡೀಷನರ್ ಉಳ್ಳ ಶ್ರಾವಕನು ಮೊದಲು ತನ್ನ ಖಾತೆಯನ್ನು ತೆರೆದು ನೋಡಬೇಕು. ಉಳ್ಳವನು ಮೊದಲು ಹೆಗಲು ಕೊಟ್ಟರೆ ಇಲ್ಲದವನೂ ಕೈಜೋಡಿಸುವನು. ಜನಬೆಂಬಲವೆಂಬುದು ಪ್ರಚಾರದಿಂದ ಬರುವುದಲ್ಲ; ಆಚರಣೆಯಿಂದ ಬರುವುದು.