ಹೊರಟವರ ಕಥೆ, ಮಾತಿಗೆ ಮರಳಿದವಳ ಕಥೆ

ಮನೆ ಬಿಟ್ಟು ಹೊರಡುವುದು, ಪರೀಕ್ಷೆಗಳನ್ನು ಗೆಲ್ಲುವುದು, ಪಡೆದದ್ದನ್ನು ಹೊತ್ತು ತನ್ನವರ ಬಳಿಗೆ ಮರಳುವುದು. ನಾಡುನಾಡಿನ ಪುರಾಣಗಳನ್ನು ಎದುರಿಗಿಟ್ಟುಕೊಂಡು ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ತೋರಿದ ವೀರಯಾತ್ರೆಯ ಜಾಡು ಇದು. ರಾಮನೂ ಪಾಂಡವರೂ ಇದೇ ಜಾಡಿನಲ್ಲಿ ನಡೆದವರೆಂದು ನಮಗೆ ಅನ್ನಿಸುವುದು ಸಹಜ. ಆದರೆ ಲೋಕದ ಕಥೆಗಳಿಗೆಲ್ಲ ದಾರಿ ಇದೊಂದೆಯೇ?

ನಮ್ಮ ಜನಪದ ಹಾಡಿನ ಹಸು ಪುಣ್ಯಕೋಟಿಯನ್ನು ನೆನೆಯೋಣ. ಅವಳೂ ಕಾಡಿಗೆ ಹೋದಳು, ಹುಲಿಗೆ ಎದುರಾದಳು, ಕರುವಿಗೆ ಹಾಲೂಡಿಸಿ ಬರುವೆನೆಂದು ಅದಕ್ಕೆ ಮಾತು ಕೊಟ್ಟು ದೊಡ್ಡಿಗೆ ಮರಳಿದಳು. ವೀರನ ಯಾತ್ರೆಯಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಈ ಕಥೆಯ ಜೀವವಾದರೋ ಅಲ್ಲಿಂದಲೇ ಮಿಡಿಯತೊಡಗುತ್ತದೆ. ಕರುವನ್ನು ಒಡನಾಡಿ ಹಸುಗಳಿಗೆ ಒಪ್ಪಿಸಿ, ಕೊಟ್ಟ ಮಾತಿನಂತೆ ಅವಳು ಮತ್ತೆ ಹುಲಿಯ ಗವಿಯ ಬಾಗಿಲಿಗೆ ನಡೆಯುತ್ತಾಳೆ. ಅವಳು ಗೆದ್ದು ತಂದದ್ದೇನು? ಏನೂ ಇಲ್ಲ. ಅವಳು ಬದಲಾದಳೇ? ಅದೂ ಇಲ್ಲ. ಮೊದಲು ಹೇಗಿದ್ದಳೋ ಕೊನೆಗೂ ಹಾಗೆಯೇ ಉಳಿದಳು. ಬದಲಾದದ್ದು ಹುಲಿ. ಒಬ್ಬರು ತಮ್ಮ ನಿಲುವಿನಲ್ಲಿ ಅಲುಗದೆ ನಿಂತಾಗ ಎದುರಿಗಿದ್ದವರ ಎದೆ ಅಲುಗುತ್ತದೆ ಎಂಬ ಸತ್ಯವನ್ನು ಯಾವ ವಿಜಯಯಾತ್ರೆ ಹೇಳೀತು?

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ನಾಯಕನನ್ನು ಹುಡುಕಹೊರಟರೆ ನಾವೇ ದಾರಿ ತಪ್ಪುತ್ತೇವೆ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ, ಕೊನೆಗೆ ಹುಲಿಯನೆಂಬ ನಾಯಿ. ಅಲ್ಲಿ ಎಲ್ಲರ ಬಾಳಿಗೂ ತನ್ನದೇ ತೂಕವಿದೆ. ಒಬ್ಬನನ್ನು ಮುಂದಕ್ಕೆ ತಂದು ಉಳಿದವರನ್ನು ಅವನ ನೆರವಿಗೆ ನಿಲ್ಲಿಸಿದರೆ ಆ ಕಾಡು ಕಾಡಾಗಿ ಉಳಿದೀತೇ?

ಇದು ಕಥೆ ಬರೆಯುವವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ನಾವು ನಮ್ಮ ಬಾಳನ್ನೂ ಯಾವುದೋ ಕಥೆಯಂತೆಯೇ ಓದಿಕೊಳ್ಳುತ್ತೇವಲ್ಲವೇ? ಹೊರಟು ಗೆದ್ದವರದಷ್ಟೇ ಕಥೆ ಎಂದು ನಂಬಿದರೆ, ಹಾಸಿಗೆ ಹಿಡಿದವರ ಪಕ್ಕದಲ್ಲಿ ವರುಷಗಟ್ಟಲೆ ಕುಳಿತವಳ ಬಾಳಿಗೆ ಏನೆನ್ನೋಣ? ಅಪ್ಪ ಬಿಟ್ಟುಹೋದ ತುಂಡು ನೆಲವನ್ನು ಬರಗಾಲದಲ್ಲೂ ಬಿಡದವನ ಬಾಳಿಗೆ? ಅವರು ಎಲ್ಲಿಗೂ ಹೊರಡಲಿಲ್ಲ, ನಿಜ. ಆದರೆ ದಿನವೂ ತಮ್ಮ ಮಾತಿಗೆ ಮರಳಿದರು.

ಆಲೆಮನೆಯಲ್ಲಿ ಪಾಕವನ್ನು ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ಬೆಲ್ಲಕ್ಕೆ ಆಕಾರ ಕೊಡುತ್ತದೆ. ಸಿಹಿ ಬಂದದ್ದು ಕಬ್ಬಿನಿಂದ. ಕ್ಯಾಂಪ್‌ಬೆಲ್ ತೋರಿದ್ದು ಒಂದು ಒಳ್ಳೆಯ ಅಚ್ಚು. ಅದಕ್ಕೆ ನಾವು ಋಣಿಗಳು. ಆದರೆ ಅಚ್ಚಿಗೆ ಒಗ್ಗದ ಬಾಳು ಕಂಡಾಗ, ಅದರಲ್ಲಿ ಕಥೆಯಿಲ್ಲ ಎನ್ನುವ ಮೊದಲು, ಒಮ್ಮೆ ಅದರ ಸಿಹಿಯನ್ನು ನೋಡೋಣ.