ಬೀಸುವ ಕಲ್ಲಿನ ಮುಂದೆ ಕೂತ ರಾಣಿ

ಹಳೆ ಒಡಂಬಡಿಕೆಯ ಪ್ರವಾದಿಗಳು ರಾಜ್ಯಗಳ ಪತನವನ್ನು ಮುಂತಿಳಿಸುವಾಗ ‘ನೀನು ಹಾಳಾಗುತ್ತೀಯೆ’ ಎಂದಷ್ಟೇ ಹೇಳಿ ಸುಮ್ಮನಾಗುವವರಲ್ಲ. ಹಾಳಾಗುವ ಬಗೆಯನ್ನೂ ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಾರೆ. ಯೆಶಾಯನ ಗ್ರಂಥದಲ್ಲಿ ಬ್ಯಾಬಿಲೋನ್ ನಗರವನ್ನು ಕುರಿತ ಒಂದು ಅಧ್ಯಾಯವಿದೆ. ಅಲ್ಲಿ ಆ ನಗರ ಒಬ್ಬ ಸುಕುಮಾರಿ ರಾಣಿ. ಸಿಂಹಾಸನದಿಂದಿಳಿದು ಮಣ್ಣಿನಲ್ಲಿ ಕೂರಬೇಕು, ಮುಸುಕು ತೆಗೆದು ಬೀಸುವ ಕಲ್ಲು ಹಿಡಿದು ಹಿಟ್ಟು ಬೀಸಬೇಕು ಎಂಬುದು ಅವಳಿಗೆ ವಿಧಿಸಿದ ಶಿಕ್ಷೆ.

ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಒಳಗೊಳಗೇ ಕಸಿವಿಸಿಯೂ ಆಗುತ್ತದೆ. ಒಂದು ಮಹಾಸಾಮ್ರಾಜ್ಯಕ್ಕೆ ಬರಬಹುದಾದ ದೊಡ್ಡ ಅವಮಾನ ಯಾವುದೆಂದರೆ, ನಮ್ಮ ಅಜ್ಜಿಯರು ಬೆಳಗಿನ ಜಾವಕ್ಕೆ ಎದ್ದು ದಿನಾ ಮಾಡುತ್ತಿದ್ದ ಕೆಲಸ! ರಾಗಿ ಬೀಸಿ ಬೀಸಿ ನನ್ನಜ್ಜಿಯ ಅಂಗೈ ಜಡ್ಡುಗಟ್ಟಿತ್ತು. ಅವಳು ಯಾವ ಸಾಮ್ರಾಜ್ಯವನ್ನೂ ಆಳಿದವಳಲ್ಲ, ಯಾರನ್ನೂ ಸೆರೆಯಲ್ಲಿಟ್ಟವಳಲ್ಲ.

ಪ್ರವಾದಿಯ ಕಣ್ಣು ರಾಣಿಯ ಮೇಲಿದೆ. ನನ್ನ ಮನಸ್ಸು ಹೋಗುವುದು ಆ ಕಲ್ಲಿನ ಮುಂದೆ ಮೊದಲಿನಿಂದಲೂ ಕೂತಿದ್ದವಳ ಕಡೆಗೆ. ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್‌ನ ಸೈನ್ಯ ಬ್ಯಾಬಿಲೋನಿಗೆ ಬಂದಾಗ ಊರಿಗೆ ಬೆಂಕಿ ಬೀಳಲಿಲ್ಲ. ದೊರೆ ಬದಲಾದ, ಅಷ್ಟೆ. ಯೆಹೂದದಿಂದ ಸೆರೆಯಾಗಿ ಬಂದಿದ್ದವರಿಗೆ ತಮ್ಮ ನಾಡಿಗೆ ಮರಳುವ ದಾರಿ ತೆರೆಯಿತು. ಅದೇನೂ ಸಣ್ಣ ಮಾತಲ್ಲ. ಆದರೆ ಮರುದಿನವೂ ಊರಿಗೆ ರೊಟ್ಟಿ ಬೇಕಲ್ಲ? ಬೀಸುವವಳು ಎಂದಿನಂತೆ ಎದ್ದು ಬೀಸಿರಬೇಕು.

ಹಾಗಾದರೆ ಅನ್ಯಾಯದ ರಾಜ್ಯವೊಂದು ಉರುಳಿದಾಗ ಸಂತೋಷಪಡುವುದು ತಪ್ಪೇ? ಈ ಪ್ರಶ್ನೆಗೆ ಬ್ಯಾಬಿಲೋನಿಗಿಂತ ಮೊದಲೇ ಬಿದ್ದ ಇನ್ನೊಂದು ನಗರ ಹೆಚ್ಚು ಹತ್ತಿರದ್ದು. ಅದು ಅಸ್ಸೀರಿಯದ ರಾಜಧಾನಿ ನಿನೆವೆ.

ಅಸ್ಸೀರಿಯದವರು ಕ್ರೂರಿಗಳು ಎಂದು ಅವರ ಶತ್ರುಗಳಷ್ಟೇ ಹೇಳಿದ್ದಲ್ಲ, ಅವರೇ ಹೆಮ್ಮೆಯಿಂದ ಕೆತ್ತಿಸಿಕೊಂಡಿದ್ದಾರೆ. ಕ್ರಿ.ಪೂ. 722ರ ಹೊತ್ತಿಗೆ ಇಸ್ರಾಯೇಲಿನ ರಾಜಧಾನಿ ಸಮಾರ್ಯವನ್ನು ಮುಗಿಸಿದರು. ಕ್ರಿ.ಪೂ. 701ರಲ್ಲಿ ಸನ್ಹೇರೀಬ ದೊರೆ ಯೆಹೂದದ ಲಾಕೀಷ್ ಪಟ್ಟಣವನ್ನು ಗೆದ್ದು, ಆ ಗೆಲುವನ್ನು ನಿನೆವೆಯ ತನ್ನ ಅರಮನೆಯ ಗೋಡೆಗಳ ಮೇಲೆ ಉದ್ದಕ್ಕೂ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಶೂಲಕ್ಕೇರಿಸಿದ ಗಂಡಸರು ಅಲ್ಲಿದ್ದಾರೆ. ಆದರೆ ಕಣ್ಣು ನಿಲ್ಲುವುದು ಎತ್ತಿನ ಗಾಡಿಯ ಮೇಲೆ. ಗಂಟುಮೂಟೆಯ ಮೇಲೆ ಹೆಂಗಸರೂ ಮಕ್ಕಳೂ ಕೂತಿದ್ದಾರೆ. ತಲೆಯ ಮೇಲೆ ಬಟ್ಟೆ ಹೊದ್ದ ಇನ್ನು ಕೆಲವರು ನಡೆದು ಬರುತ್ತಿದ್ದಾರೆ. ಮನೆ ಬಿಟ್ಟು ಹೊರಟ ಸಂಸಾರ ಎಂದು ಯಾರೂ ವಿವರಿಸಬೇಕಾಗಿಲ್ಲ.

ಇಂಥ ನಿನೆವೆ ಕ್ರಿ.ಪೂ. 612ರಲ್ಲಿ ಬ್ಯಾಬಿಲೋನಿಯರ ಮತ್ತು ಮೇದ್ಯರ ಕೈಗೆ ಸಿಕ್ಕಿ ಉರಿದುಹೋಯಿತು. ಈ ಪತನವನ್ನು ಸಾರಿದ ಪ್ರವಾದಿ ನಹೂಮ. ಅವನ ಹೆಸರಿನ ಅರ್ಥ ಸಾಂತ್ವನ. ಅವನ ಪುಸ್ತಕದಲ್ಲಿ ಸಂಭ್ರಮವಿದೆ, ಸುದ್ದಿ ಕೇಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಾನು ಅದನ್ನು ಜರಿಯಲಾರೆ. ಮಕ್ಕಳನ್ನು ಕಳೆದುಕೊಂಡವರ ಮುಂದೆ ಕೂತು ಕ್ಷಮೆಯ ಉಪದೇಶ ಮಾಡುವವರನ್ನು ಕಂಡರೆ ನನಗಾಗದು. ನೊಂದವರ ಸಿಟ್ಟಿಗೆ ಅದರದೇ ಆದ ಹಕ್ಕಿದೆ.

ಆದರೆ ನಹೂಮನದು ಒಂದು ಮಾತು ನನಗೆ ಜೀರ್ಣವಾಗುವುದಿಲ್ಲ. ಅವನೂ ನಗರವನ್ನು ಹೆಣ್ಣಾಗಿಸುತ್ತಾನೆ. ಅವಳನ್ನು ವೇಶ್ಯೆಯೆಂದು ಕರೆದು, ಜನಾಂಗಗಳೆಲ್ಲ ನೋಡುವಂತೆ ಅವಳ ಲಂಗವನ್ನು ಮುಖದ ಮೇಲಕ್ಕೆ ಎತ್ತುವುದಾಗಿ ದೇವರಿಂದಲೇ ಹೇಳಿಸುತ್ತಾನೆ. ಯುದ್ಧ ಹೂಡಿದವನು ಸನ್ಹೇರೀಬ, ಶೂಲ ನೆಟ್ಟವರು ಅವನ ಸೈನಿಕರು. ಬಟ್ಟೆ ಮಾತ್ರ ಹೆಣ್ಣಿನದು. ದ್ರೌಪದಿಯ ಕಥೆ ಕೇಳಿ ಬೆಳೆದವರು ನಾವು. ಅಲ್ಲಿ ಸೀರೆಗೆ ಕೈ ಹಾಕಿದ್ದೇ ಕುರುವಂಶ ಹಾಳಾಗಲು ಒಂದು ಕಾರಣ. ಇಲ್ಲಿ ಅದೇ ಕೆಲಸ ದಂಡನೆಯಾಗಿ, ನ್ಯಾಯವಾಗಿ ಬರುತ್ತದೆ. ಬರಿಯ ಉಪಮೆ ತಾನೆ ಎನ್ನಬಹುದು. ಊರು ಬಿದ್ದ ದಿನ ಉಪಮೆ ಯಾರ ಮೈಮೇಲೆ ನಿಜವಾಗುತ್ತದೆ ಎಂಬುದು ಹೆಂಗಸರಿಗೆ ಗೊತ್ತು. ನಹೂಮನಿಗೂ ಗೊತ್ತಿತ್ತೋ ಏನೋ, ಎದೆ ಬಡಿದುಕೊಂಡು ಪಾರಿವಾಳಗಳಂತೆ ನರಳುವ ನಿನೆವೆಯ ದಾಸಿಯರನ್ನು ಅವನೇ ಒಂದು ಕಡೆ ತೋರಿಸುತ್ತಾನೆ. ತೋರಿಸಿ ಮುಂದೆ ಹೋಗುತ್ತಾನೆ.

ನಿನೆವೆಯ ಕೋಟೆಯ ಹಲ್ಜಿ ಎಂಬ ಬಾಗಿಲಲ್ಲಿ 1990ರ ಸುಮಾರಿಗೆ ಅಗೆದಾಗ, ಆ ಪತನದ ದಿನ ಸತ್ತವರ ಎಲುಬುಗಳು ಬಿದ್ದ ಜಾಗದಲ್ಲೇ ಸಿಕ್ಕವು. ಅವರಲ್ಲಿ ಮಕ್ಕಳೂ ಇದ್ದರು.

ಬೈಬಲಿನ ದೊಡ್ಡತನವೆಂದು ನನಗನಿಸುವುದು, ಅದು ನಹೂಮನ ಜೊತೆಗೇ ಯೋನನನ್ನೂ ಇಟ್ಟುಕೊಂಡಿದೆ. ಯೋನನೆಂದರೆ ಎಲ್ಲರಿಗೂ ಮೀನಿನ ಹೊಟ್ಟೆಯ ಕಥೆ ನೆನಪಾಗುತ್ತದೆ, ಅದಿರಲಿ. ಕಥೆಯ ತಿರುಳಿರುವುದು ಕೊನೆಯಲ್ಲಿ. ನಲವತ್ತು ದಿನಗಳಲ್ಲಿ ನಿನೆವೆ ಹಾಳಾಗುತ್ತದೆಂದು ಅವನು ಸಾರಿದ. ಊರಿನವರು ಪಶ್ಚಾತ್ತಾಪಪಟ್ಟರು, ದೇವರು ಉಳಿಸಿಬಿಟ್ಟ. ಯೋನನಿಗೆ ಕೋಪ ಬಂತು! ಊರ ಹೊರಗೆ ಮುಖ ಊದಿಸಿಕೊಂಡು ಕೂತ. ತನಗೆ ನೆರಳು ಕೊಟ್ಟಿದ್ದ ಬಳ್ಳಿ ಒಣಗಿದಾಗ ಸಾಯುವಷ್ಟು ದುಃಖಪಟ್ಟ. ಒಂದು ಬಳ್ಳಿಗೆ ಇಷ್ಟು ಮರುಗುವ ನೀನು, ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರಿರುವ ಊರಿಗಾಗಿ ನಾನು ಮರುಗಬಾರದೇ ಎಂಬ ಅರ್ಥದಲ್ಲಿ ದೇವರು ಅವನನ್ನು ಕೇಳುತ್ತಾನೆ. ಅಲ್ಲಿರುವ ದನಕರುಗಳನ್ನೂ ಲೆಕ್ಕಕ್ಕೆ ಸೇರಿಸುತ್ತಾನೆ. ಇದನ್ನು ಬರೆದವನು ದನ ಸಾಕಿದವನೇ ಇರಬೇಕು.

ಈ ಪುಸ್ತಕ ನಿನೆವೆ ಬಿದ್ದ ಮೇಲೆ, ಬಹಳ ಕಾಲದ ನಂತರ ಬರೆದದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಂದರೆ ಮೊದಲು ಇದನ್ನು ಕೇಳಿಸಿಕೊಂಡವರಿಗೆ ಆ ಊರು ಆಗಲೇ ಬೂದಿಯಾದದ್ದು ಗೊತ್ತಿತ್ತು. ಚಪ್ಪಾಳೆ ಮುಗಿದಿತ್ತು. ಅಂಥವರ ಮುಂದೆ ಆ ಪ್ರಶ್ನೆ ಇಟ್ಟರು. ನಹೂಮನ ಪುಸ್ತಕವೂ ಪ್ರಶ್ನೆಯಿಂದಲೇ ಮುಗಿಯುತ್ತದೆ, ನಿನ್ನ ಕ್ರೌರ್ಯಕ್ಕೆ ಸಿಕ್ಕದವರು ಯಾರಿದ್ದಾರೆ ಎಂದು. ಯೋನನ ಪುಸ್ತಕವೂ ದೇವರ ಪ್ರಶ್ನೆಗೇ ನಿಂತುಬಿಡುತ್ತದೆ. ಯೋನ ಏನು ಉತ್ತರ ಕೊಟ್ಟನೆಂದು ಬರೆದಿಲ್ಲ.